ಮೂಕಪ್ರಾಣಿಗಳ ಪಕ್ಷ ವಹಿಸಿದ ಕಾಬ್ ಅಮ್ಮನವರು

ಪೇಟೆಯಿಂದ ಕೊಂಡು ತರುವ ಸಾಬೂನಿನ ಪೊಟ್ಟಣದ ಮೇಲೆಯೂ ತಲೆಗೂದಲಿಗೆ ಹಚ್ಚುವ ಬಣ್ಣದ ಡಬ್ಬಿಯ ಮೇಲೆಯೂ ಒಂದು ಸಣ್ಣ ಮೊಲದ ಗುರುತು ಮುದ್ರಿತವಾಗಿರುವದನ್ನು ನಮ್ಮ ವಾಚಕರಲ್ಲಿ ಕೆಲವರು ಕಂಡಿರಬಹುದು. ಆ ಸಾಮಾನನ್ನು ಮಾಡಿದವರು ಅದನ್ನು ಮೊಲ ಮುಂತಾದ ಜೀವಿಗಳ ಮೇಲೆ ಪರೀಕ್ಷಿಸಲಿಲ್ಲವೆಂದು ತಿಳಿಸುವದಕ್ಕೆ ಅದನ್ನು ಹಾಕುತ್ತಾರೆ. ಸಾಬೂನಿಗೂ ಮೊಲಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರವು ಮುಂದೆ ಸಿಕ್ಕುವದು. ಅದಕ್ಕಿಂತ ಮೊದಲು, ಪ್ರಾಣಿಗಳ ಮೇಲೆ ನಡೆಯುವ ಪ್ರಯೋಗಗಳಿಗೆ ವಿರೋಧವಾಗಿ ಸಂಘ ಕಟ್ಟಿ ಹೋರಾಡಿದವರಲ್ಲಿ ಮೊದಲಿಗರಾದ ಫ್ರಾನ್ಸಿಸ್ ಪವರ್ ಕಾಬ್ ಎಂಬ ಅಮ್ಮನವರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ. ಅವರು ತೀರಿಹೋಗಿ ನೂರು ವರುಷಗಳು ದಾಟಿದವು.

ಅಮ್ಮನವರು 1822ನೆಯ ಇಸವಿ ದಶಂಬರ 4ರಂದು ಐರ್ಲೆಂಡ್ ದೇಶದ ಡಬ್ಲಿನ್ ಪಟ್ಟಣದಲ್ಲಿ ಹುಟ್ಟಿದರು. ಆ ಪಟ್ಟಣದ ಸಮೀಪದಲ್ಲಿದ್ದ ನ್ಯೂಬ್ರಿಜ್ ಎಂಬ ದೊಡ್ಡ ಮನೆಯು ಅವರ ಪೂರ್ವಿಕರದು. ಆ ವಂಶದವರೊಬ್ಬರು ಹಿಂದಿನ ಕಾಲದಲ್ಲಿ ಡಬ್ಲಿನಿನ ಮಹಾಧ್ಯಕ್ಷರಾಗಿದ್ದರು. ತಂದೆಯಾದ ಚಾರ್ಲ್ಸ್ ಕಾಬ್ ಎಂಬವರು ಹೊಲಗದ್ದೆಗಳುಳ್ಳ ಜಮೀನ್ದಾರರೂ ನ್ಯಾಯಾಧಿಪತಿಗಳೂ ಭಕ್ತಿಯುಳ್ಳವರೂ ಆಗಿ, ಪ್ರತಿದಿನ ಮನೆಯವರನ್ನೂ ಆಳುಗಳನ್ನೂ ಕೂಡಿಸಿ ಪ್ರಾರ್ಥನೆ ಮಾಡುತ್ತಿದ್ದರು. ನಾಲ್ವರು ಅಣ್ಣಂದಿರ ಮೇಲೆ ಹುಟ್ಟಿದ ಒಬ್ಬಳೇ ಮಗಳಾದದರಿಂದ ಇವರು ತಾಯಿಗೆ ಬಹು ಪ್ರಿಯರಾಗಿದ್ದರು. ಹದಿಮೂರು ಹದಿನಾಲ್ಕು ವಯಸ್ಸಿನಲ್ಲಿ ಇವರನ್ನು ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ಒಂದು ಶಾಲೆಗೆ ಕಳುಹಿಸಿದರು. ಅಲ್ಲಿ ಎರಡು ವರುಷಗಳಿಗೆ 1000 ಪೌಂಡು ವೆಚ್ಚವಾದರೂ, ಕುಣಿತ, ಸಂಗೀತ, ದೊಡ್ಡವರ ಮುಂದೆ ನಡೆಯುವ ರೀತಿ ಇವುಗಳ ಹೊರತು ಹೆಚ್ಚೇನೂ ಕಲಿಸಲಿಲ್ಲವೆಂದು ಅವರು ಕಡೆಯ ವರೆಗೂ ದೂರುತ್ತಿದ್ದರು. ನಿಜವಾದ ವಿದ್ಯೆಯನ್ನು ಅವರು ಮನೆಗೆ ಬಂದ ಮೇಲೆ ತಂದೆಯ ಪುಸ್ತಕಶಾಲೆಯಲ್ಲಿ ತಾವೇ ಓದಿ ಸಂಪಾದಿಸಿದರು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಡದೆ ಹೇಳತಕ್ಕದ್ದು. ಆ ಓದಿನ ದೆಸೆಯಿಂದ ಅಮ್ಮನವರು ತಂದೆಯ ನಂಬಿಕೆಯನ್ನು ಬಿಟ್ಟರು. ದೇವರೊಬ್ಬನಿದ್ದಾನೆ, ಆತನು ನೀತಿಯುಳ್ಳ ತಂದೆ, ಮರಣದ ಆಚೆಗೆ ಜೀವವುಂಟು ಎಂಬ ಇಷ್ಟನ್ನು ಹಿಡಿದು, ಸಭೆಯು ಕ್ರಿಸ್ತನ ವಿಷಯದಲ್ಲಿ ಕಲಿಸುವ ಮಿಕ್ಕ ಉಪದೇಶಗಳನ್ನು ಒಪ್ಪದೆ ಹೋದರು. 1847ರಲ್ಲಿ ತಾಯಿಯು ತೀರಿಹೋದ ಮೇಲೆ ಇದನ್ನು ತಂದೆಗೆ ತಿಳಿಸಲು, ಅವರು ಮಗಳನ್ನು ಕೆಲವು ಕಾಲ ಮನೆಯಿಂದ ಹೊರಡಿಸಿ ದೂರದ ಡಾನಿಗಾಲ್ ಸೀಮೆಯಲ್ಲಿದ್ದ ಅಣ್ಣನ ಬಳಿಗೆ ಕಳುಹಿಸಿದರು. ಅಮ್ಮನವರ ಈ ಅಭಿಪ್ರಾಯಗಳನ್ನು ನಾವು ಮೆಚ್ಚುವವರಲ್ಲ. ಆದರೂ ತನಗೆ ಸತ್ಯವೆಂದು ತೋರಿದ್ದನ್ನು ಮನೆ ಹೋದರೂ ಹೇಳುವ ಗುಣವು ಅವರಲ್ಲಿ ಆಗಲೇ ಇತ್ತೆಂಬದನ್ನು ನೋಡಿರಿ. ಮುಂದಿನದೆಲ್ಲವೂ ಆ ಗುಣದಿಂದಲೇ ಬಂತು, ಒಳ್ಳೇದೂ ಕೆಟ್ಟದ್ದೂ.

1857ರಲ್ಲಿ ತಂದೆಯು ತೀರಿಕೊಂಡರು. ಮನೆಯು ಅಣ್ಣನಿಗೆ ಹೋಯಿತು. ಮಗಳಿಗೆ ವರುಷಕ್ಕೆ 200 ಪೌಂಡು ದೊರಕಿತು. ಆ ಕಾಲದ ಸ್ತ್ರೀಯರು ಹಾಗೆ ಮಾಡುವ ವಾಡಿಕೆ ಇಲ್ಲದಿದ್ದರೂ ಇವರು ಒಬ್ಬರೇ ರೋಮಾಪುರಿ, ಐಗುಪ್ತ, ಯೆರೂಸಲೇಮು, ಅಥೇನೆ ಮುಂತಾದ ಸ್ಥಳಗಳನ್ನು ಸುತ್ತಿ ಬಂದರು. ಬಳಿಕ ಬ್ರಿಸ್ಟಲ್ ಪಟ್ಟಣದಲ್ಲಿ ದಿಕ್ಕಿಲ್ಲದ ಹುಡುಗಿಯರನ್ನು ತಿದ್ದುವ ಮನೆಯನ್ನು ನಡೆಸುತ್ತಿದ್ದ ಮೇರಿ ಕಾರ್ಪೆಂಟರ್ ಅಮ್ಮನವರ ಸಂಗಡ ಸೇರಿ ಕೆಲಸ ಮಾಡಿದರು. ಈ ಕಾರ್ಪೆಂಟರ್ ಅಮ್ಮನವರೇ 1866ರಲ್ಲಿ ಹಿಂದೂದೇಶಕ್ಕೆ ಬಂದು ಇಲ್ಲಿಯ ಹುಡುಗಿಯರ ಶಾಲೆಗಳಿಗಾಗಿ ಪ್ರಯಾಸಪಟ್ಟವರು. ಕಾಬ್ ಅಮ್ಮನವರು ಸೆರೆಮನೆಯ ಹುಡುಗಿಯರನ್ನೂ, ಬಡವರ ಆಶ್ರಮಗಳಲ್ಲಿ ಗುಣವಾಗದ ರೋಗದಿಂದ ಬಿದ್ದಿದ್ದವರನ್ನೂ ಹತ್ತಿರದಿಂದ ನೋಡಿದರು. ಕಾಲಿಗೆ ಪೆಟ್ಟುಬಿದ್ದು ಕೆಲವು ವರುಷ ಊರುಗೋಲಿನಿಂದ ನಡೆಯಬೇಕಾಗಿ ಬಂದಾಗ ಬರವಣಿಗೆಗೆ ತೊಡಗಿ, ಲಂಡನಿನ ದಿನಪತ್ರಿಕೆಯೊಂದಕ್ಕೆ ಸುಮಾರು ಏಳು ವರುಷ ಮುಖ್ಯ ಲೇಖನಗಳನ್ನು ಬರೆದು ಜೀವನ ಮಾಡಿದರು. ಮೇರಿ ಲಾಯ್ಡ್ ಎಂಬ ಶಿಲ್ಪಕಲಾವಿದೆಯು ಅವರ ಸಂಗಡ ಮೂವತ್ತು ವರುಷಕ್ಕೂ ಹೆಚ್ಚು ಕಾಲ ಒಂದೇ ಮನೆಯಲ್ಲಿ ಬಾಳಿದರು. ಆ ಮನೆಯಲ್ಲಿ ಹಜ್ಜಿನ್ ಎಂಬ ಒಂದು ನಾಯಿಯೂ ಇತ್ತು.

ಅವರ ಲೇಖನಿಯು ಯಾರ ಪಕ್ಷಕ್ಕೆ ನಡೆಯಿತೆಂಬದಕ್ಕೆ ಒಂದು ದೃಷ್ಟಾಂತ ಸಾಕು. ಇಂಗ್ಲೆಂಡಿನಲ್ಲಿ ಕುಡುಕರಾದ ಗಂಡಂದಿರು ಹೆಂಡಂದಿರನ್ನು ಕೈಕಾಲು ಮುರಿಯುವಂತೆ ಹೊಡೆದು, ಕೆಲವು ದಿನ ಸೆರೆಯಲ್ಲಿದ್ದು, ತಿರಿಗಿ ಅದೇ ಮನೆಗೆ ಬಂದು ಮತ್ತೂ ಹೊಡೆಯುತ್ತಿದ್ದರು. ಅಂಥ ಹೆಂಡತಿಯು ಗಂಡನನ್ನು ಬಿಟ್ಟು ಬೇರೆ ಇರುವದಕ್ಕೆ ನ್ಯಾಯಾಧಿಪತಿಯು ಅಪ್ಪಣೆ ಕೊಡಬಹುದೆಂಬ ಕಾಯಿದೆಯು 1878ರಲ್ಲಿ ಆದದ್ದು ಬಹುಮಟ್ಟಿಗೆ ಅಮ್ಮನವರ ಬರಹದಿಂದಲೇ. ಹೊಡೆತ ತಿಂದು ಬಾಯಿ ಬಿಡಲಾರದವರ ಪಕ್ಷವಾಗಿ ಮಾತಾಡುವದೇ ಅವರ ಕಸಬಾಗಿತ್ತೆನ್ನಬಹುದು. ಪ್ರಾಣಿಗಳ ವಿಷಯವೂ ಅವರಿಗೆ ಇದರಿಂದ ಬೇರೆಯಾಗಿರಲಿಲ್ಲ.

ಆ ದಿನಗಳಲ್ಲಿ ಶರೀರಶಾಸ್ತ್ರಿಗಳು, ದೇಹದೊಳಗೆ ನರಗಳು ಹೇಗೆ ನಡೆಯುತ್ತವೆ, ರಕ್ತವು ಹೇಗೆ ಹರಿಯುತ್ತದೆ ಎಂಬವುಗಳನ್ನು ತಿಳಿಯುವದಕ್ಕಾಗಿ ನಾಯಿ, ಬೆಕ್ಕು, ಮೊಲ, ಕುದುರೆಗಳನ್ನು ಜೀವವಿರುವಾಗಲೇ ಕಟ್ಟಿ ಕೊಯ್ದು ನೋಡುತ್ತಿದ್ದರು. ಇದಕ್ಕೆ ಜೀವಚ್ಛೇದನವೆಂದು ಹೆಸರಿಡೋಣ. ಫ್ರಾನ್ಸ್ ದೇಶದ ಆಲ್ಫೋರ್ ಎಂಬಲ್ಲಿಯ ಪಶುವೈದ್ಯಶಾಲೆಯಲ್ಲಿ ಮುದಿ ಕುದುರೆಗಳ ಮೇಲೆ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳುವದಕ್ಕಾಗಿ, ಮೂರ್ಛೆಯ ಔಷಧವಿಲ್ಲದೆ, ಒಂದಾದ ಮೇಲೊಂದು ಶಸ್ತ್ರಕ್ರಿಯೆ ಮಾಡುತ್ತಿದ್ದರೆಂದು ಕೇಳಿ 1863ರಲ್ಲಿ ಅಮ್ಮನವರು ಈ ವಿಷಯವಾಗಿ ಮೊದಲನೆಯ ಪ್ರಬಂಧವನ್ನು ಬರೆದರು. ಅದೇ ಕಾಲದಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣಕ್ಕೆ ಹೋಗಿರಲಾಗಿ, ಅಲ್ಲಿ ಶಿಫ್ ಎಂಬ ಪಂಡಿತನು ನಾಯಿಗಳ ಮೇಲೆ ನಡಿಸುತ್ತಿದ್ದ ಪ್ರಯೋಗಗಳಿಗೆ ವಿರೋಧವಾಗಿ ಮನವಿಪತ್ರವನ್ನು ಬರೆದು, 700ಕ್ಕೂ ಹೆಚ್ಚು ಮಂದಿಯ ರುಜು ಹಾಕಿಸಿದರು. ಪಂಡಿತನು ಲಕ್ಷ್ಯಮಾಡಲಿಲ್ಲ.

ಇಂಗ್ಲೆಂಡಿನಲ್ಲಿ ಬೆಂಕಿ ಹೊತ್ತಿದ್ದು 1874ರಲ್ಲಿ. ನಾರ್ವಿಚ್ ಎಂಬಲ್ಲಿ ನೆರೆದ ವೈದ್ಯರ ಸಭೆಯಲ್ಲಿ ಒಬ್ಬ ಫ್ರೆಂಚ್ ವೈದ್ಯನು ಎರಡು ನಾಯಿಗಳನ್ನು ಕಟ್ಟಿಸಿ ಅವುಗಳ ರಕ್ತನಾಳಕ್ಕೆ ಮದ್ಯವನ್ನು ಸೇರಿಸಿ ತೋರಿಸಿದನು. ನೋಡುತ್ತಿದ್ದ ವೈದ್ಯರಲ್ಲೇ ಕೆಲವರು ಅಡ್ಡಬಂದರು; ವ್ಯಾಜ್ಯವಾಯಿತು; ಅವನು ಸ್ವದೇಶಕ್ಕೆ ಹೊರಟುಹೋದನು. ಇದನ್ನು ಕಂಡು ಅಮ್ಮನವರು 1875ರ ಜನವರಿಯಲ್ಲಿ, ಪ್ರಾಣಿಗಳ ಹಿಂಸೆಯನ್ನು ತಡೆಯುವ ರಾಜಸಂಘಕ್ಕೆ 600 ಮಂದಿ ಗಣ್ಯರ ರುಜುವುಳ್ಳ ಮನವಿಯನ್ನು ಒಪ್ಪಿಸಿದರು. ಟೆನಿಸನ್, ಬ್ರೌನಿಂಗ್ ಎಂಬ ಕವಿಗಳೂ ಕಾರ್ಲೈಲ್ ಎಂಬ ಗ್ರಂಥಕರ್ತರೂ ಅದಕ್ಕೆ ರುಜು ಹಾಕಿದ್ದರು. ಹಾಕದೆ ಹೋದವರಲ್ಲಿ ಚಾರ್ಲ್ಸ್ ಡಾರ್ವಿನ್ ಪಂಡಿತರು ಒಬ್ಬರು. ಡಾರ್ವಿನರು ಅಮ್ಮನವರ ಸ್ನೇಹಿತರು. ನಾಯಿಗಳನ್ನು ಬಹಳವಾಗಿ ಪ್ರೀತಿಸುವವರು. ಜೀವಚ್ಛೇದನದ ಮಾತೆತ್ತಿದರೇ ಅವರಿಗೆ ನಿದ್ರೆ ಹತ್ತುತ್ತಿರಲಿಲ್ಲ. ಆದರೂ ಅದನ್ನು ನಿಲ್ಲಿಸಿಬಿಟ್ಟರೆ ಶರೀರಶಾಸ್ತ್ರವು ಬೆಳೆಯದು, ಮುಂದೆ ಮನುಷ್ಯರಿಗೂ ಪ್ರಾಣಿಗಳಿಗೂ ಆಗುವ ಉಪಕಾರವು ತಪ್ಪುವದು ಎಂದು ಅವರು ನಂಬಿದ್ದರು. ಆರು ವರುಷಗಳ ಮೇಲೆ ಇವರಿಬ್ಬರೂ ಲಂಡನಿನ ಟೈಮ್ಸ್ ಪತ್ರಿಕೆಯಲ್ಲಿ ಎಲ್ಲರ ಮುಂದೆ ವಾದಿಸಿದರು. ಹಳೆಯ ಸ್ನೇಹವು ಅದರಲ್ಲಿ ಹೋಯಿತು. ಈ ಜಗಳದಲ್ಲಿ ಒಂದು ಕಡೆ ದಯೆಯುಳ್ಳವರೂ ಇನ್ನೊಂದು ಕಡೆ ಕಟುಕರೂ ನಿಂತಿದ್ದರೆಂದು ವಾಚಕರು ಎಣಿಸಬಾರದೆಂದೇ ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದೆವು.

ರಾಜಸಂಘವು ಮೆಲ್ಲಗೆ ನಡೆಯಿತು. ಆದಕಾರಣ ಅಮ್ಮನವರು 1875ರ ಕೊನೆಯಲ್ಲಿ ವೈದ್ಯರಾದ ಜಾರ್ಜ್ ಹಾಗ್ಗನರ ಸಂಗಡ ತಾವೇ ಒಂದು ಸಂಘವನ್ನು ಸ್ಥಾಪಿಸಿದರು. ಅದರ ಕಚೇರಿಯಿದ್ದ ಬೀದಿಯ ಮೇರೆಗೆ ಅದಕ್ಕೆ ವಿಕ್ಟೋರಿಯಾ ಬೀದಿಯ ಸಂಘವೆಂದು ಹೆಸರಾಯಿತು. ಅದರ ಅಧ್ಯಕ್ಷರಾದವರು ಶಾಫ್ಟ್ಸ್‌ಬರಿ ಪ್ರಭುಗಳು. ಗಿರಣಿಗಳಲ್ಲಿಯೂ ಗಣಿಗಳಲ್ಲಿಯೂ ದುಡಿಯುತ್ತಿದ್ದ ಚಿಕ್ಕ ಮಕ್ಕಳನ್ನು ಬಿಡಿಸಿದ ಆ ಪ್ರಭುಗಳು ಸುವಾರ್ತೆಯಲ್ಲಿ ದೃಢವಾದ ನಂಬಿಕೆಯುಳ್ಳವರು. ನಂಬಿಕೆಯ ವಿಷಯದಲ್ಲಿ ಅಮ್ಮನವರಿಗೂ ಅವರಿಗೂ ಇದ್ದ ಅಂತರವು ಅಷ್ಟಿಷ್ಟಲ್ಲ. ಆದರೂ ಪ್ರಭುಗಳು 1885ರಲ್ಲಿ ತೀರಿಹೋಗುವ ತನಕ ಇಬ್ಬರೂ ಒಂದೇ ಮೇಜಿನ ಬಳಿ ಕೂತು ಕೆಲಸ ಮಾಡಿದರು. ಬಾಯಿಲ್ಲದ ಕತ್ತೆಯನ್ನು ಹೊಡೆದ ಬಿಳಾಮನ ಕಥೆಯನ್ನೂ, ನಿನೆವೆಯ ಪಶುಗಳನ್ನು ಸಹ ಲೆಕ್ಕಕ್ಕೆ ತಂದ ದೇವರ ಕರುಣೆಯನ್ನೂ ಓದಿರುವ ನಮಗೆ ಪ್ರಭುಗಳು ಆ ಮೇಜಿಗೆ ಯಾಕೆ ಬಂದರೆಂಬದನ್ನು ವಿವರಿಸಬೇಕಾದದ್ದಿಲ್ಲ.

ಸರಕಾರವು ವಿಚಾರಣಾ ಮಂಡಲಿಯನ್ನು ನೇಮಿಸಿತು. 1876ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಈ ವಿಷಯವಾಗಿ ಒಂದು ಕಾಯಿದೆಯನ್ನು ಮಾಡಿತು. ಪ್ರಪಂಚದಲ್ಲಿ ಇಂಥ ಕಾಯಿದೆಯು ಇದೇ ಮೊದಲನೆಯದು. ಅದರ ಮೇರೆಗೆ ಪ್ರಯೋಗ ಮಾಡುವವನು ಲೈಸೆನ್ಸು ಪಡೆಯಬೇಕು. ಹೊಸ ತಿಳುವಳಿಕೆಗಾಗಲಿ, ಪ್ರಾಣವನ್ನುಳಿಸುವದಕ್ಕಾಗಲಿ, ನೋವನ್ನು ಕಡಿಮೆಮಾಡುವದಕ್ಕಾಗಲಿ ಪ್ರಯೋಗವು ಉಪಯುಕ್ತವಾಗಿರಬೇಕು. ಮೂರ್ಛೆಯ ಔಷಧವನ್ನು ಕೊಡಬೇಕು. ಕ್ಯುರಾರಿ ಎಂಬ ವಿಷವುಂಟು. ಅದು ಪ್ರಾಣಿಯ ಅಂಗಾಂಗಗಳನ್ನು ಅಲ್ಲಾಡದಂತೆ ಮಾಡುತ್ತದೆ, ನೋವನ್ನು ಮಾತ್ರ ತೆಗೆಯುವದಿಲ್ಲ. ಅದನ್ನು ಮೂರ್ಛೆಯ ಔಷಧವೆಂದು ಎಣಿಸಕೂಡದೆಂದು ಸಹ ಕಾಯಿದೆಯಲ್ಲಿ ಬರೆಯಲಾಯಿತು. ಇಷ್ಟೆಲ್ಲಾ ಸರಿಯೇ. ಆದರೆ ವೈದ್ಯರು ದೊಡ್ಡ ಗುಂಪಾಗಿ ಮಂತ್ರಿಯ ಬಳಿಗೆ ಹೋಗಿ ಕೇಳಿಕೊಂಡದರಿಂದ, ವಿಶೇಷ ಪತ್ರವನ್ನು ಪಡೆದವರಿಗೆ ಈ ಕಟ್ಟುಗಳಲ್ಲಿ ಹೆಚ್ಚಿನವು ಸಡಿಲವಾದವು. ಪ್ರಾಣಿಗಳನ್ನು ಕಾಯುವದಕ್ಕೆ ಬೇಡಿದ ಕಾಯಿದೆಯು ಪ್ರಯೋಗ ಮಾಡುವವರನ್ನು ಕಾಯುವ ಗೋಡೆಯಾಯಿತೆಂದು ಅಮ್ಮನವರು ಬಹಳ ನೊಂದುಕೊಂಡರು. 1881ರಲ್ಲಿ ಫೆರಿಯರ್ ಎಂಬ ವೈದ್ಯನು ಕೋತಿಗಳ ಮಿದುಳನ್ನು ಕೊಯ್ದನೆಂದು ಸಂಘದವರು ವ್ಯಾಜ್ಯ ಹೂಡಲು, ಕೊಯ್ದವನು ಲೈಸೆನ್ಸುಳ್ಳ ಬೇರೊಬ್ಬನೆಂದು ತಿಳಿದುಬಂದು ವ್ಯಾಜ್ಯವು ಬಿದ್ದುಹೋಯಿತು.

ಇದಾದ ಮೇಲೆ ಅಮ್ಮನವರ ಮನಸ್ಸು ಗಟ್ಟಿಯಾಯಿತು. ಮೊದಲು ಅವರು ಕೇಳಿದ್ದು ಹಿಡಿತವನ್ನು ಮಾತ್ರ. ಈಗ ಪೂರ್ಣ ನಿಷೇಧದ ಹೊರತು ಬೇರೇನನ್ನೂ ಒಪ್ಪೆನೆಂದರು. ಅವರ ವಾದವನ್ನು ಸಂಕ್ಷೇಪವಾಗಿ ಹೇಳುವದಾದರೆ ಹೀಗೆ. ಬಲವುಳ್ಳವನಿಗೆ ಲಾಭವಿದೆಯೆಂಬ ಮಾತ್ರಕ್ಕೆ ಬಲಹೀನನನ್ನು ಹಿಂಸಿಸುವದು ನ್ಯಾಯವಾಗುವದಿಲ್ಲ. ಲಾಭವು ದೊಡ್ಡದಾದಷ್ಟೂ ಶೋಧನೆಯು ದೊಡ್ಡದಾಗುವದೇ ಹೊರತು ಹಿಂಸೆಯು ಚಿಕ್ಕದಾಗುವದಿಲ್ಲ. ಹಿಂಸಿಸುವವನ ಹೃದಯವೂ ಅದರಲ್ಲಿ ಕಲ್ಲಾಗುವದು. ವಿರೋಧಿಗಳು ಸುಮ್ಮನಿರಲಿಲ್ಲ. ಅಮ್ಮನವರು ಮಾಂಸವನ್ನು ತಿನ್ನುತ್ತಿದ್ದರು. ಊಟಕ್ಕೆ ಕುರಿ ಆಗಬಹುದು, ರೋಗಿಗೆ ಔಷಧ ಕಂಡುಹಿಡಿಯುವದಕ್ಕೆ ಮೊಲ ಆಗಬಾರದೋ ಎಂದು ಅವರನ್ನು ಹಾಸ್ಯ ಮಾಡಿದರು. ಒಡನೆ ಕೊಲ್ಲುವದು ಬೇರೆ, ಕಟ್ಟಿಹಾಕಿ ಹಿಂಸಿಸುವದು ಬೇರೆ ಎಂದು ಅವರ ಉತ್ತರ. ಇದು ಪೂರ್ಣವಾದ ಉತ್ತರವಲ್ಲದಿದ್ದರೂ, ಕೋಳಿಯನ್ನು ಕೊಯ್ದು ತಿನ್ನುವ ಮನೆಯಲ್ಲಿಯೂ ಅದರ ಕಾಲು ಮುರಿದು ಆಡುವ ಹುಡುಗನಿಗೆ ತಾಯಿ ಏಟು ಕೊಡುತ್ತಾಳೆಂಬದನ್ನು ನಾವೆಲ್ಲರೂ ಬಲ್ಲೆವು.

ಅಮ್ಮನವರ ಎಲ್ಲಾ ಮಾತಿಗೂ ನಾವು ಹೌದೆನ್ನಲಾರೆವು. ಫೆರಿಯರನು ಕೋತಿಗಳಿಂದ ಕಲಿತದ್ದರ ಸಹಾಯದಿಂದಲೇ 1884ರಲ್ಲಿ ಲಂಡನಿನ ವೈದ್ಯರು ಒಬ್ಬ ಮನುಷ್ಯನ ಮಿದುಳಿನಲ್ಲಿದ್ದ ಗಡ್ಡೆಯ ಸ್ಥಳವನ್ನು ಹೊರಗಿನಿಂದಲೇ ನಿಶ್ಚಯಿಸಿ ತೆಗೆದರು. ರೋಗಿಯು ಒಂದು ತಿಂಗಳೊಳಗೆ ಸತ್ತನು, ಆದರೆ ದಾರಿ ತೆರೆಯಿತು. 1885ರಲ್ಲಿ ಪಾಸ್ಟರ್ ಪಂಡಿತರು ಹುಚ್ಚುನಾಯಿ ಕಚ್ಚಿದ ಹುಡುಗನಿಗೆ ಚುಚ್ಚಿದ ಮದ್ದು ಮೊಲಗಳ ಬೆನ್ನುಹುರಿಯಿಂದ ಸಿದ್ಧವಾದದ್ದು. ಅಮ್ಮನವರು ಪಾಸ್ಟರರನ್ನೂ ಖಂಡಿಸಿದರು. ಆದರೆ ಹುಚ್ಚುನಾಯಿ ಕಚ್ಚಿದ ಮಗುವನ್ನು ಎತ್ತಿಕೊಂಡು, ಕೂನೂರಿನಲ್ಲಿ 1907ರಲ್ಲಿ ಸ್ಥಾಪಿತವಾದ ಪಾಸ್ಟರ್ ಸಂಸ್ಥೆಯಂಥ ಸ್ಥಳಕ್ಕೆ ಓಡಿದ ತಂದೆತಾಯಿಗಳ ಮುಂದೆ ಆ ಖಂಡನೆಯನ್ನು ಓದುವ ಧೈರ್ಯ ನಮಗಿಲ್ಲ. ಒಂದು ಜೀವವನ್ನುಳಿಸುವದಕ್ಕೆ ಇನ್ನೊಂದು ಜೀವವನ್ನು ನೋಯಿಸುವದು ಸರಿಯೋ ಎಂಬದು ಬಹು ಕಷ್ಟದ ಪ್ರಶ್ನೆ. ಅದನ್ನು ಸುಲಭವೆಂದು ಹೇಳುವವರನ್ನು, ಯಾವ ಪಕ್ಷದವರಾದರೂ, ನಾವು ನಂಬುವದಿಲ್ಲ.

1892ರಲ್ಲಿ ಅಮ್ಮನವರ ಕೆಲಸಕ್ಕೆ ದೊಡ್ಡ ಪೆಟ್ಟು ಬಿತ್ತು. ಅವರ ಸೂಚನೆಯ ಮೇರೆಗೆ ಬೇರೊಬ್ಬರು ಕೂಡಿಸಿದ ಒಂದು ಪುಸ್ತಕವು ಜೀವಚ್ಛೇದನದ ವೃತ್ತಾಂತಗಳನ್ನು ಪ್ರಕಟಿಸಿತು. ಅದರಲ್ಲಿ ಹಲವು ಪ್ರಯೋಗಗಳನ್ನು ವಿವರಿಸುವಾಗ, ಪ್ರಾಣಿಗಳಿಗೆ ಮೂರ್ಛೆಯ ಔಷಧವನ್ನು ಕೊಟ್ಟಿದ್ದರೆಂಬ ಮಾತನ್ನು ಬಿಟ್ಟುಬಿಟ್ಟಿದ್ದರು. ವಿಕ್ಟರ್ ಹಾರ್ಸ್ಲಿ ಎಂಬ ಶಸ್ತ್ರವೈದ್ಯರು ಸಭಾಧ್ಯಕ್ಷರೂ ಬೋಧಕರೂ ನೆರೆದಿದ್ದ ದೊಡ್ಡ ಕೂಟದಲ್ಲಿ ಎದ್ದುನಿಂತು ಆ ತಪ್ಪುಗಳನ್ನು ಬಯಲಿಗೆ ತಂದರು. ಪುಸ್ತಕವನ್ನು ಹಿಂದಕ್ಕೆ ತೆಗೆದು ತಿದ್ದಿ ಅಚ್ಚುಹಾಕಿಸಬೇಕಾಯಿತು. ಅಮ್ಮನವರು ಬೇಕೆಂದು ಸುಳ್ಳಾಡಿದರೆಂದು ನಾವು ಎಣಿಸುವದಿಲ್ಲ. ಆದರೆ ಮೂಕರ ಪಕ್ಷವಾಗಿ ಸಾಕ್ಷಿ ಹೇಳುವವನ ಒಂದು ಮಾತು ತಪ್ಪಾದರೆ ಹತ್ತು ಮಾತುಗಳ ನಂಬಿಕೆ ಹೋಗುವದು. ಮೂಕಪ್ರಾಣಿಯು ಎದ್ದು ತಿದ್ದಿಹೇಳಲಾರದಷ್ಟೆ.

ಇನ್ನೊಂದು ದುಃಖವು 1898ರಲ್ಲಿ ಬಂತು. ಸಂಘದ ಕಾರ್ಯವನ್ನು ಆಗ ನಡಿಸುತ್ತಿದ್ದ ಸ್ಟೀಫನ್ ಕೋಲ್ರಿಜ್ ಎಂಬವರು, ಪೂರ್ಣ ನಿಷೇಧವೇ ನಮ್ಮ ಗುರಿಯಾಗಿರಲಿ, ಆದರೆ ದಾರಿಯಲ್ಲಿ ಸಿಕ್ಕುವ ಚಿಕ್ಕ ಕಾಯಿದೆಗಳನ್ನು ಬಿಡುವದು ಬೇಡ ಎಂದು ಸೂಚಿಸಲು, ಸಂಘದವರಲ್ಲಿ ಹೆಚ್ಚು ಮಂದಿ ಹೌದೆಂದರು. ಅಮ್ಮನವರಿಗೆ ಆಗ 75 ವಯಸ್ಸು; ಜೊತೆಗಾತಿಯಾದ ಲಾಯ್ಡ್ ಅಮ್ಮನವರು ಎರಡು ವರುಷಗಳ ಹಿಂದೆ ತೀರಿಹೋಗಿದ್ದರು. ತಾವು ಹುಟ್ಟಿಸಿ 22 ವರುಷ ಬೆಳೆಸಿದ ಸಂಘವನ್ನು ಬಿಟ್ಟು ಹೊರಬಂದು, ಅದೇ ವರುಷ ಬ್ರಿಸ್ಟಲಿನಲ್ಲಿ ಪೂರ್ಣ ನಿಷೇಧಕ್ಕಾಗಿಯೇ ಇನ್ನೊಂದು ಸಂಘವನ್ನು ಕಟ್ಟಿದರು. ಜೀವಚ್ಛೇದನ ನಿಷೇಧದ ಬ್ರಿಟಿಷ್ ಐಕ್ಯ ಸಂಘವೆಂದು ಅದರ ಹೆಸರು. ಆರು ವರುಷಗಳ ಬಳಿಕ, 1904ರ ಏಪ್ರಿಲ್ 5ರಂದು, ವೇಲ್ಸ್ ಸೀಮೆಯಲ್ಲಿ ಅವರು ಪ್ರಾಣಬಿಟ್ಟರು. ಜೀವವಿರುವಾಗಲೇ ಹೂಳಿಬಿಟ್ಟಾರೆಂಬ ಭಯ ಅವರಿಗಿದ್ದದರಿಂದ, ವೈದ್ಯನು ಕುತ್ತಿಗೆಯ ನಾಳಗಳನ್ನು ಕೊಯ್ದು ಮರಣವನ್ನು ನಿಶ್ಚಯಿಸಿಕೊಳ್ಳಬೇಕೆಂದು ಮರಣಪತ್ರಿಕೆಯಲ್ಲಿ ಬರೆದಿಟ್ಟಿದ್ದರು. ಲಾನೆಲ್ಟಿಡ್ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ ಲಾಯ್ಡ್ ಅಮ್ಮನವರ ಪಕ್ಕದಲ್ಲಿ ಅವರನ್ನು ಹೂಣಿಟ್ಟರು.

ಇನ್ನು ಸಾಬೂನಿನ ಮಾತು. 1933ರಲ್ಲಿ ಅಮೆರಿಕದಲ್ಲಿ ಕಣ್ಣಿನ ರೆಪ್ಪೆಗೆ ಹಚ್ಚುವ ಒಂದು ಬಣ್ಣವು ಮಾರಾಟಕ್ಕೆ ಬಂತು. ಅದನ್ನು ಹಚ್ಚಿಕೊಂಡ ಸ್ತ್ರೀಯರಲ್ಲಿ ಕೆಲವರ ಕಣ್ಣು ಹೋಯಿತು, ಒಬ್ಬಾಕೆ ಸತ್ತಳು. 1938ರಲ್ಲಿ ಅಲ್ಲಿಯ ಸರಕಾರವು ಅಂಥ ಸಾಮಾನುಗಳನ್ನು ಕಾಯಿದೆಗೆ ಒಳಪಡಿಸಿತು. 1944ರಲ್ಲಿ ಸರಕಾರಿ ನೌಕರನಾದ ಡ್ರೇಜ್ ಎಂಬ ಪಂಡಿತನು ಸಂಗಡಿಗರೊಂದಿಗೆ ಒಂದು ಪರೀಕ್ಷೆಯನ್ನು ಪ್ರಕಟಿಸಿದನು. ಮೊಲದ ಒಂದು ಕಣ್ಣಿಗೆ ಸಾಬೂನನ್ನೋ ಬಣ್ಣವನ್ನೋ ಹಾಕಿ, ಇನ್ನೊಂದನ್ನು ಹೋಲಿಸಿ ನೋಡುವದಕ್ಕಾಗಿ ಹಾಗೆಯೇ ಬಿಟ್ಟು, ದಿನಗಟ್ಟಲೆ ಕಾದು, ಕಣ್ಣು ಎಷ್ಟು ಕೆಂಪಾಯಿತು, ಎಷ್ಟು ಹುಣ್ಣಾಯಿತು ಎಂದು ಅಂಕೆ ಹಾಕುವರು. ಕಣ್ಣುಜ್ಜಿಕೊಳ್ಳದಂತೆ ಮೊಲದ ಕತ್ತನ್ನು ಹಲಗೆಯ ಕಿಂಡಿಯಲ್ಲಿ ಸಿಕ್ಕಿಸಿ ಇಡುವದುಂಟು. ಮೊಲವು ಸಾಧು ಪ್ರಾಣಿ. ಅದರ ಕಣ್ಣಲ್ಲಿ ನೀರು ಕಡಿಮೆಯಾದದರಿಂದ ಹಾಕಿದ್ದು ಬೇಗ ತೊಳೆದುಹೋಗುವದಿಲ್ಲ. ಹೀಗೆ ಹಲವಾರು ವರುಷ ದೊಡ್ಡ ಕಂಪೆನಿಗಳು ತಮ್ಮ ತಮ್ಮ ಹೊಸ ಸಾಮಾನುಗಳಿಗಾಗಿ ಪರೀಕ್ಷಿಸಿದವು. ಸ್ತ್ರೀಯರು ಕುರುಡರಾಗದಂತೆ ಕಾಯುವದು ಅವಶ್ಯವೇ. ಆದರೆ ಹಳೆಯ ಸಾಬೂನುಗಳು ನೂರಾರು ಇರುವಾಗ ಇನ್ನೊಂದು ಸಾಬೂನು ಇಲ್ಲದೆ ಯಾರೂ ಸಾಯುವದಿಲ್ಲ. ಹುಚ್ಚುನಾಯಿಯ ಮದ್ದಿನಲ್ಲಿ ನಮ್ಮ ಬಾಯಿ ಕಟ್ಟುವ ಪ್ರಶ್ನೆಯು ಇಲ್ಲಿ ನಮ್ಮ ಬಾಯಿ ಕಟ್ಟುವದಿಲ್ಲ. 1876ರ ಕಾಯಿದೆಯಲ್ಲಿ ಪ್ರಾಣದ ಮಾತೂ ನೋವಿನ ಮಾತೂ ಇತ್ತೇ ಹೊರತು ಮುಖಕ್ಕೆ ಹಚ್ಚುವ ಬಣ್ಣದ ಮಾತು ಇರಲಿಲ್ಲ. ಆದರೂ ಆ ಕಾಯಿದೆಯು 1986ರ ವರೆಗೆ ಜಾರಿಯಲ್ಲಿದ್ದ ಇಂಗ್ಲೆಂಡಿನಲ್ಲಿ ಸಹ ಇಂಥ ಪರೀಕ್ಷೆಗಳು ನಡೆದವು.

1980ರಲ್ಲಿ ನ್ಯೂಯಾರ್ಕಿನ ಶಾಲಾ ಉಪಾಧ್ಯಾಯರಾದ ಹೆನ್ರಿ ಸ್ಪೀರಾ ಎಂಬವರು ರೆವ್ಲಾನ್ ಎಂಬ ಕಂಪೆನಿಯನ್ನು ವರ್ತಮಾನಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರಶ್ನಿಸಿದರು. ಕಂಪೆನಿಯು ಬೇರೆ ಪರೀಕ್ಷೆಯನ್ನು ಕಂಡುಹಿಡಿಯುವದಕ್ಕಾಗಿ ಒಂದು ವಿದ್ಯಾಪೀಠಕ್ಕೆ 7,50,000 ಡಾಲರು ಕೊಟ್ಟಿತು. ಕಸಾಯಿಖಾನೆಯಲ್ಲಿ ಸಿಕ್ಕುವ ದನದ ಕಣ್ಣಿನ ಪೊರೆಯ ಮೇಲೆಯೂ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯರ ಚರ್ಮದ ಮೇಲೆಯೂ ಪರೀಕ್ಷಿಸುವ ಕ್ರಮಗಳು ಕಾಲಕ್ರಮದಲ್ಲಿ ಬಂದವು. 1998ರಲ್ಲಿ ಬ್ರಿಟನಿನ ಸರಕಾರವು ಶೃಂಗಾರದ ಸಾಮಾನುಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷಿಸಲು ಲೈಸೆನ್ಸು ಕೊಡುವದನ್ನು ನಿಲ್ಲಿಸಿತು. 2013ರಲ್ಲಿ ಯೂರೋಪಿನ ಐಕ್ಯದೇಶಗಳು ಹಾಗೆ ಪರೀಕ್ಷಿಸಲ್ಪಟ್ಟವುಗಳ ಮಾರಾಟವನ್ನೂ ತಡೆದವು. ನಮ್ಮ ದೇಶದಲ್ಲಿ 2014ರಲ್ಲಿ ಮೊದಲು ಪರೀಕ್ಷೆಯೂ, ಅದೇ ವರುಷದ ಕೊನೆಯಲ್ಲಿ ಅಂಥ ಸಾಮಾನುಗಳ ಆಮದೂ ನಿಷೇಧವಾದವು. ಯೂರೋಪಿನಲ್ಲಿ ಇದಕ್ಕಾಗಿ ಬಹಳ ವರುಷ ಪ್ರಯಾಸಪಟ್ಟವರಲ್ಲಿ ಕಾಬ್ ಅಮ್ಮನವರು ಬ್ರಿಸ್ಟಲಿನಲ್ಲಿ ಕಟ್ಟಿದ ಸಂಘದವರೂ ಮುಖ್ಯರು. ಪೂರ್ಣ ನಿಷೇಧವಿಲ್ಲದೆ ಏನೂ ಬೇಡವೆಂದು ಹುಟ್ಟಿದ ಆ ಸಂಘವು ಸಾಬೂನಿನಿಂದ ಆರಂಭಿಸಿ ಒಂದೊಂದೇ ಹೆಜ್ಜೆಯಾಗಿ ನಡೆಯಿತು. ಅಮ್ಮನವರು ಬದುಕಿದ್ದರೆ ಅದರಿಂದಲೂ ಹೊರಬರುತ್ತಿದ್ದರೋ ಏನೋ! ಕೋಲ್ರಿಜರಾದರೋ ನಗುತ್ತಿದ್ದರು.

ಆ ಸಂಘವು 2015ರಲ್ಲಿ ಹಿಂಸೆಯಿಲ್ಲದ ಸಾಮಾನೆಂಬ ಅರ್ಥವು ಹೊಳೆಯುವಂತೆ ಕ್ರುಯೆಲ್ಟಿ ಫ್ರೀ ಇಂಟರ್‌ನ್ಯಾಷನಲ್ ಎಂದು ಹೊಸ ಹೆಸರನ್ನಿಟ್ಟುಕೊಂಡಿತು. ಬ್ರಿಟನಿನ ಸರಕಾರವು 2019ರಿಂದ ಯಾರಿಗೂ ಪ್ರಕಟಿಸದೆ, ಶೃಂಗಾರದ ಸಾಮಾನುಗಳಲ್ಲಿ ಸೇರುವ ಕೆಲವು ರಸಾಯನಗಳಿಗಾಗಿ ತಿರಿಗಿ ಲೈಸೆನ್ಸು ಕೊಡುತ್ತಿತ್ತೆಂದು ತಿಳಿದಾಗ ಸಂಘದವರು ಅದನ್ನು ಉಚ್ಚ ನ್ಯಾಯಾಲಯಕ್ಕೆ ತಂದರು. 2023ರ ಮೇ ತಿಂಗಳಲ್ಲಿ ತೀರ್ಪು ಸರಕಾರದ ಪಕ್ಷವಾಗಿ ಆಯಿತು, ಸಂಘವು ಸೋತಿತು. ಅದೇ ತಿಂಗಳು, ಗೆದ್ದ ಸರಕಾರವೇ ಶೃಂಗಾರದ ಸಾಮಾನುಗಳಿಗೆ ಮಾತ್ರ ಉಪಯೋಗವಾಗುವ ರಸಾಯನಗಳಿಗೆ ಇನ್ನು ಮುಂದೆ ಹೊಸ ಲೈಸೆನ್ಸು ಕೊಡುವದಿಲ್ಲವೆಂದು ಪ್ರಕಟಿಸಿತು.